ಗರುಡನಿಗೆ ಪಾಠ ಹೇಳಿದ ಹೊನ್ನೆಮರ

ನಾನು ಒಂದು ಪ್ರೊಪೆಲ್ಲರ್. ವಿಮಾನದ ಮೂತಿಯಲ್ಲಿ ಗಿರ್ರನೆ ತಿರುಗುವ, ಎರಡು ರೆಕ್ಕೆಯ ಮರದ ತುಂಡು. ಗರುಡನಿಗೆ ಹಾರುವ ವಿದ್ಯೆ ಕಲಿಸಿದವನು ನಾನೇ. ಚಂದ್ರನ ಮೇಲಿರುವುದು ಮೊಲವಲ್ಲ. ಅವಸರದಲ್ಲಿ ನಾನು ಉಜ್ಜಿಕೊಂಡು ಹೋದ ಗುರುತು. ನಂಬದವರು ಮೂಡಲಕೊಪ್ಪಲಿನ ವಿಮಾನ ಸ್ಮಾರಕಕ್ಕೆ ಬಂದು ನನ್ನ ಗಾಜಿನ ಪೆಟ್ಟಿಗೆಯ ಮೇಲಿನ ಫಲಕ ಓದಿಕೊಳ್ಳಲಿ: ‘ಈ ಸೀಮೆಯಲ್ಲಿ ಮೊದಲು ಹಾರಿದ ಪ್ರೊಪೆಲ್ಲರ್.’

ಬರುವಾಗ ಕೈ ತೊಳೆದುಕೊಂಡು ಬನ್ನಿ. ಥೂ, ಎಂಥ ಜನ! ಗಾಜಿಗೆ ಮೂಗೊತ್ತುತ್ತಾರೆ, ಮೂಗು ಹೋದರೂ ಅದರ ಜಿಡ್ಡು ಉಳಿಯುತ್ತದೆ. ಮೊನ್ನೆ ಒಬ್ಬ ಮಹಾಶಯ ನನ್ನೊಡನೆ ಫೋಟೊ ಹೊಡೆಸಿಕೊಂಡು, ಬಾಯಲ್ಲಿದ್ದ ಚ್ಯೂಯಿಂಗ್ ಗಮ್ಮನ್ನು ನನ್ನ ಪೆಟ್ಟಿಗೆಯ ಅಡಿಗೆ ಅಂಟಿಸಿ ಹೋದ. ದೇವಲೋಕ ಕಂಡವನಿಗೆ ಇದು ನೈವೇದ್ಯ!

ನನ್ನ ಹುಟ್ಟು ಹೇಳಬೇಕಲ್ಲ. ದೊರೆಗಳ ಕಾಲದಲ್ಲಿ ಒಬ್ಬ ಪರದೇಶದ ಸಾಹೇಬ ರೈಲಿನಲ್ಲಿ ಬಿಡಿಬಿಡಿಯಾಗಿ ವಿಮಾನ ತಂದು, ಇಲ್ಲಿಯ ಮೈದಾನದಲ್ಲಿ ಜೋಡಿಸಿ ಹಾರಿಸಿದ. ಇಳಿಯುವಾಗ ಅದು ಹುತ್ತಕ್ಕೆ ಬಡಿದು, ಪ್ರೊಪೆಲ್ಲರಿನ ಒಂದು ರೆಕ್ಕೆ ಪುಡಿಯಾಯಿತು. ಉಳಿದ ರೆಕ್ಕೆಯನ್ನು ಮುಂದಿಟ್ಟುಕೊಂಡು ಹೊನ್ನೆಮರದಲ್ಲಿ ನನ್ನನ್ನು ಕೆತ್ತಿದವನು, ಬಾಗಿಲು ಮಾಡುವುದರಲ್ಲಿ ಹೆಸರಾದ ಮೊಗಣ್ಣಾಚಾರಿ. ಆಮೇಲೆ ನಾನು ಮೋಡ ಸೀಳಿದ್ದು, ಇಂದ್ರ ಎದ್ದು ನಿಂತದ್ದು ಎಲ್ಲ ನಿಮಗೆ ಗೊತ್ತೇ ಇದೆ.

ಸಾಹೇಬ ನನ್ನನ್ನು ಇಲ್ಲೇ ಬಿಟ್ಟು ಊರಿಗೆ ಹೋದ. ಅಧಿಕಾರಿಗಳ ಕ್ಲಬ್ಬಿನ ಗೋಡೆಗೆ ಮೊಳೆ ಹೊಡೆದು ನನ್ನನ್ನು ಕೂರಿಸಿದರು. ಬೆವರಿನ ಟೋಪಿಗಳೆಲ್ಲ ನನ್ನ ಮೇಲೆ, ಚುಟ್ಟದ ಹೊಗೆಯೆಲ್ಲ ನನ್ನ ಮೂಗಿಗೆ. ಕ್ಲಬ್ಬು ಮುಚ್ಚಿದಾಗ ಅಲ್ಲಿಯ ಅಡುಗೆಯವನು ಹೊತ್ತೊಯ್ದು ಕೋಳಿಗೂಡಿನೊಳಗೆ ಅಡ್ಡಕ್ಕೆ ಕಟ್ಟಿದ. ಕೋಳಿಗಳು ನನ್ನ ಮೇಲೆ ಕೂತು ಮಾಡಿದ್ದನ್ನು ಬರೆದರೆ ಕಾಗದವೂ ನಾರುತ್ತದೆ. ಕೊನೆಗೆ ಸ್ಮಾರಕದವರು ಹುಡುಕಿ, ತಿಕ್ಕಿ ತೊಳೆದು, ಗಾಜಿನೊಳಗೆ ಕೂರಿಸಿದರು. ಈ ಪೆಟ್ಟಿಗೆ ಕೈತಪ್ಪಿದರೆ ಮತ್ತೆ ಹಕ್ಕಿಗಳ ಕಾಲಡಿಯೇ ನನಗೆ ಗತಿ.

ನಾನು ಇಷ್ಟು ಹೇಳುವಷ್ಟರಲ್ಲೇ ಕಾಳಿಕಮ್ಮ ಬಂದಳು. ನರೆಗೂದಲಿನ ಗಟ್ಟಿ ಹೆಂಗಸು. ಸ್ಮಾರಕ ತೋರಿಸುವ ಶಂಭುಲಿಂಗನನ್ನು ತಡೆದು ಕೇಳಿದಳು:

“ಏನಪ್ಪಾ, ಇದು ನಮ್ ಮುತ್ತಾತ ಮೊಗಣ್ಣಾಚಾರಿ ಕೆತ್ತಿದ್ದು. ಬೋರ್ಡಲ್ಲಿ ಅವರ ಹೆಸ್ರೇ ಇಲ್ವಲ್ಲ?”

“ಅಜ್ಜಿ, ಇದು ಫಾರಿನ್ ಮಾಲು. ಮೋಡದ ಮೇಲೆ ಹಾರಿದ್ದು.”

“ಅಜ್ಜಿ ಯಾರೋ ನಿಂಗೆ? ಇದು ಹಾರ್ತಾ? ನಗಿಸ್ಬೇಡ. ಹಾರ್ಲಿಲ್ಲ ಅಂತ್ಲೇ ಈಗ್ಲೂ ಊರಲ್ಲಿ ನಮ್ದು ‘ಹಾರದ ಆಚಾರಿ ಮನೆ’. ನನ್ ಮದ್ವೆ ದಿನಾನೂ ಹಂಗೇ ಅಂದ್ರು.”

ಅವಳು ಎರಡು ಅಂಗೈಗಳನ್ನು ಮುಚ್ಚಿದ ಬಾಗಿಲಿನ ಹಾಗೆ ಜೋಡಿಸಿ ಹಿಡಿದಳು.

“ನೋಡಿಲ್ಲಿ. ಎಡಗಡೆ ಕದಕ್ಕೆ ಬಲಗಡೆ ಕದ ಕನ್ನಡಿ ಥರ ಇರ್ತದಲ್ಲ, ಇದನ್ನೂ ಹಂಗೇ ಜೋಡಿ ಮಾಡವ್ರೆ. ಒಂದು ರೆಕ್ಕೆ ಗಾಳಿನ ಹಿಂದಕ್ಕೆ ತಳ್ಳುತ್ತೆ, ಇನ್ನೊಂದು ಮುಂದಕ್ಕೆ. ಇನ್ನು ವಿಮಾನ ಎತ್ಲಾಗೆ ಹೋಗ್ಬೇಕು, ನಿಮ್ ಮಾವನ ಮನೆಗಾ?”

ಶಂಭುಲಿಂಗ ಗಾಜಿಗೆ ಮೂಗೊತ್ತಿದ. ಅವನದೂ ಜಿಡ್ಡೇ. ಗೋಡೆಯ ಮೇಲಿದ್ದ ಹಳೆಯ ವಿಮಾನದ ಫೋಟೊದಲ್ಲಿನ ಪ್ರೊಪೆಲ್ಲರ್ ನೋಡಿದ, ನನ್ನನ್ನು ನೋಡಿದ.

“ಅಯ್ಯಯ್ಯೋ, ಹೌದಲ್ಲ! ಹಂಗಾದ್ರೆ ತೆಗೆದು ಹೊರಗೆ ಹಾಕ್ಬೇಕಾಗುತ್ತೆ ಕಣಮ್ಮ. ಹಾರದೇ ಇರೋದಕ್ಕೆ ಪೆಟ್ಟಿಗೆ ಯಾಕೆ?”

ನನಗೆ ಕೋಳಿಯ ವಾಸನೆ ಬಡಿಯಿತು.

“ಹೊರಗಾದ್ರೂ ಇಡು, ಹೆಸರು ಬರಿ,” ಎಂದಳು ಕಾಳಿಕಮ್ಮ. “ಹಾರ್ಲಿಲ್ಲ ಅಂತ್ಲೂ ಬರಿ, ನಮಗೇನು ಹೊಸದಲ್ಲ. ಆದ್ರೆ ಜೋಡಿ ನೋಡು, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಇಂಥ ಕದ ಯಾವ ಅರಮನೇಲಿದೆ, ತೋರ್ಸು!”

ಇದಾಗಿ ವಾರ ಕಳೆಯಿತು. ಈಗ ನಾನು ಸ್ಮಾರಕದ ಜಗಲಿಯ ಮೂಲೆಯಲ್ಲಿದ್ದೇನೆ. ಗಾಜಿಲ್ಲ. ಬಂದವರೆಲ್ಲ ಅಂಟುಗೈಯಲ್ಲಿ ಸವರಿ ನೋಡುತ್ತಾರೆ. ಮೇಲೆ ಪಾರಿವಾಳಗಳಿವೆ, ಅವುಗಳ ವಿಚಾರ ಬೇಡ. ಹೊಸ ಫಲಕ ಹೇಳುತ್ತದೆ: ‘ಕೆತ್ತಿದವರು ಮೊಗಣ್ಣಾಚಾರಿ. ಹಾರಲಿಲ್ಲ.’

ಅಷ್ಟು ದಪ್ಪ ಅಕ್ಷರದ ಕೆಳಗೆ ಕೂತು ಇನ್ನು ಗರುಡನ ಮಾತೇಕೆ? ನಿಜ ಹೇಳಿಬಿಡುತ್ತೇನೆ. ಅಂದು ಎಂಜಿನ್ ಭೋರೆಂದಿತು. ನಾನು ಸತ್ತು ಕೆಟ್ಟು ತಿರುಗಿದೆ. ಧೂಳೆದ್ದಿತು, ಜನ ಚಪ್ಪಾಳೆ ತಟ್ಟಿದರು. ಧೂಳು ಇಳಿದಾಗ ವಿಮಾನ ನಿಂತಲ್ಲೇ ನಿಂತಿತ್ತು. ಹಾರಿದ್ದು ಮೊಗಣ್ಣಾಚಾರಿಯ ರುಮಾಲು ಒಂದೇ.