ಅತ್ತೆ ಬಿಟ್ಟ ಕಡ್ಡಿಗಳು

ತಿಕೋಟಾದ ಒಣದ್ರಾಕ್ಷಿ ಕಾರ್ಖಾನೆಗೆ ಮಾಲೀಕ ಗುರುಪಾದಯ್ಯ ಜಪಾನಿನ ಪದ್ಧತಿ ತಂದಿದ್ದರು: ಯಾರಿಗೆ ತಪ್ಪು ಕಂಡರೂ ಗಂಟೆ ಬಾರಿಸಿ ಬೆಲ್ಟ್ ನಿಲ್ಲಿಸಬೇಕು. ಯಾರೂ ಬಾರಿಸಿರಲಿಲ್ಲ. ಕಡ್ಡಿ ಆರಿಸಲು ಬೆಲ್ಟಿನ ಮೊದಲಿಗೆ ಕೂತ ಕಾಳವ್ವನಿಗೆ ಕಣ್ಣು ಮಂಜಾಗಿ, ದ್ರಾಕ್ಷಿಯೊಡನೆ ಕಡ್ಡಿಗಳೂ ದಾಟಿಹೋಗುತ್ತಿದ್ದವು. ಪಕ್ಕದಲ್ಲಿದ್ದ ಸೊಸೆ ಮಹಾನಂದಾ ಅವನ್ನು ಸುಮ್ಮನೆ ಆರಿಸುತ್ತಿದ್ದಳು. ಗಂಟೆ ಬಾರಿಸಿದರೆ ಎಲ್ಲರೆದುರು ಅತ್ತೆಯ ಮಾನ ಹೋಗುತ್ತಿತ್ತು.

ಒಂದು ದಿನ ಕಡ್ಡಿಗಳು ಕೈಮೀರಿದವು. ಮಹಾನಂದಾ ಗಂಟೆ ಬಾರಿಸಿದಳು.

“ಯಾರದ ತಪ್ಪವಾ?” ಗುರುಪಾದಯ್ಯ ಓಡಿಬಂದರು.

“ನಂದ ರೀ,” ಎಂದಳು ಮಹಾನಂದಾ.

“ಈ ವಯಸ್ಸಿಗೇ ಕಣ್ಣ ಹೋದ್ವೇನ ಲೇ ನಿನಗ?” ಕಾಳವ್ವ ನಕ್ಕಳು.

ಪದ್ಧತಿ ಕೊನೆಗೂ ನಡೆಯಿತೆಂದು ಹಿಗ್ಗಿದ ಗುರುಪಾದಯ್ಯ, ಮಹಾನಂದಾಳನ್ನು ಕಣ್ಣಿಗೆ ಶ್ರಮವಿಲ್ಲದ ಡಬ್ಬಿ ಮುಚ್ಚುವ ಕೆಲಸಕ್ಕೆ ಕಳಿಸಿದರು. ಅಲ್ಲಿ ಆಕೆ ಮುಚ್ಚುವ ಮೊದಲು ಪ್ರತಿ ಡಬ್ಬಿಯನ್ನೂ ಸುರುವಿ, ಅತ್ತೆ ಬಿಟ್ಟ ಕಡ್ಡಿಗಳನ್ನು ಆರಿಸತೊಡಗಿದಳು. ಮುಚ್ಚದ ಡಬ್ಬಿಗಳು ಸುತ್ತಲೂ ರಾಶಿಬಿದ್ದವು.