ಬಲ ಮಾಡಿದ ಕೆಲಸ

ಸೊನ್ನೆ ಅನ್ನುವುದನ್ನು ಇವತ್ತೂ ಬಾಯಿಬಿಟ್ಟು ಹೇಳಲೇಬೇಕಾ, ಇಲ್ಲ ಬೋರ್ಡಿನ ಮೂಲೆಯಲ್ಲಿ ಬರೆದು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರೆ ಸಾಕಾ? ದೊಡ್ಡದಾಗಿ ಬರೆದರೆ ಆ ಮನುಷ್ಯನಿಗೆ ಅವಮಾನ. ಚಿಕ್ಕದಾಗಿ ಬರೆದರೆ ಚುಕ್ಕಿ ಅಂದುಕೊಂಡು ಒರೆಸಿಬಿಡುತ್ತಾನೆ. ಹೋದ ವಾರ ಹಾಗೇ ಮಾಡಿದ್ದ.

ಮೇಷ್ಟ್ರು ಸೀಮೆಸುಣ್ಣ ಹಿಡಿದು ಹೀಗೆ ಯೋಚಿಸುತ್ತಾ ನಿಂತು ಆಗಲೇ ಮೂರು ನಿಮಿಷವಾಗಿತ್ತು. ಅವರ ತರಗತಿಯಲ್ಲಿ ಇದು ಹೊಸದೇನಲ್ಲ. ಅವರಿಗೆ ಇಪ್ಪತ್ತಾರು ವಯಸ್ಸು, ಭೌತಶಾಸ್ತ್ರದಲ್ಲಿ ಪದವಿ, ಮಾತಿಗೂ ಮಾತಿಗೂ ನಡುವೆ ಒಂದು ಬಸ್ಸು ಹೋಗುವಷ್ಟು ಜಾಗ. ಮೊದಮೊದಲು ವಿದ್ಯಾರ್ಥಿಗಳು ಆ ಮೌನವೂ ಪಾಠದ ಭಾಗವಿರಬೇಕೆಂದು ನೋಟ್ಸಿನಲ್ಲಿ ನಾಲ್ಕು ಗೆರೆ ಖಾಲಿ ಬಿಡುತ್ತಿದ್ದರು. ಈಗ ಪೆನ್ಸಿಲ್ ಕೆತ್ತಿಕೊಳ್ಳುತ್ತಾರೆ.

ವಾರವೆಲ್ಲಾ ಶಿಶುವಿಹಾರವಾಗಿರುವ ಆ ಕೋಣೆ ಭಾನುವಾರ ಬೆಳಿಗ್ಗೆ ದುಡಿಯುವವರ ಶಾಲೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂರುವ ದೊಡ್ಡವರು ಮೊಣಕಾಲೆತ್ತರದ ಕುರ್ಚಿಗಳಲ್ಲಿ ಗಲ್ಲಕ್ಕೆ ಮಂಡಿ ತಾಗಿಸಿಕೊಂಡು ಕೂತಿರುತ್ತಾರೆ. ಪ್ರತಿ ಕುರ್ಚಿಯ ಬೆನ್ನಿಗೂ ಒಂದೊಂದು ಬಾತುಕೋಳಿಯ ಚಿತ್ರ. ಗುರುವಾರ ವಿಜ್ಞಾನ ಪರೀಕ್ಷೆಯಿದ್ದದ್ದರಿಂದ ಇದು ಕೊನೆಯ ಪುನರಾವರ್ತನೆ. ಬಂದವರು ಇಬ್ಬರೇ. ಒಬ್ಬಳು ಹತ್ತು ಮಹಡಿಯ ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸುವ ಲಿಫ್ಟಕ್ಕ. ಇನ್ನೊಬ್ಬ ಬೀರಣ್ಣ.

ಬೀರಣ್ಣನ ಹೆಸರಿನಲ್ಲಿರುವುದು ಕುಡಿಯುವ ಬೀರಲ್ಲ, ಬಟ್ಟೆ ಇಡುವ ಬೀರು. ಮನೆಸಾಮಾನು ಸಾಗಿಸುವ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊರುತ್ತಿದ್ದಾನೆ. ಮೆಟ್ಟಿಲಿಳಿಯುವಾಗ ಈಗ ಅವನಿಗಿಂತ ಮೊದಲು ಅವನ ಮಂಡಿ ಮಾತಾಡುತ್ತದೆ. ಇನ್ನು ಭಾರ ಎತ್ತಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಗೋಡೌನಿನಲ್ಲಿ ಸ್ಟೂಲ್ ಮೇಲೆ ಕೂತು ಲಾರಿಗೆ ಏನು ಹತ್ತಿತು, ಏನು ಇಳಿಯಿತು ನೋಡುವ ಮೇಲ್ವಿಚಾರಕನ ಕೆಲಸ ಖಾಲಿಯಿದೆ. ಆದರೆ ಅದಕ್ಕೆ ಹತ್ತನೇ ಕ್ಲಾಸು ಪಾಸಾಗಿರಬೇಕು. ಮಿಕ್ಕ ವಿಷಯವೆಲ್ಲ ಪಾಸಾಗಿತ್ತು. ವಿಜ್ಞಾನದಲ್ಲಿ ಮಾತ್ರ ಎರಡು ಸಲವೂ ಮೂವತ್ತಮೂರು. ಪಾಸಾಗಲು ಮೂವತ್ತೈದು.

ಹೋದ ಆ ಎರಡು ಅಂಕ ಎರಡು ಸಲವೂ ಒಂದೇ ಪ್ರಶ್ನೆಯದು. ತಲೆಯ ಮೇಲೆ ಪೆಟ್ಟಿಗೆ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ಒಂದೇ ಸಮನೆ ನಡೆಯುವವನು ಪೆಟ್ಟಿಗೆಯನ್ನು ಎತ್ತಿ ಹಿಡಿಯಲು ಮಾಡಿದ ಕೆಲಸ ಎಷ್ಟು? ಮೊದಲ ಸಲ ಬೀರಣ್ಣ "ತುಂಬಾ" ಎಂದು ಬರೆದಿದ್ದ. ಎರಡನೇ ಸಲ "ಹೊತ್ತವನನ್ನು ಕೇಳಿ" ಎಂದು.

ಕಷ್ಟವಿಲ್ಲದ ಪಾಠಗಳು ಒಂಬತ್ತೂವರೆಗೇ ಮುಗಿದಿದ್ದವು. ಜಡತ್ವ ಎಂದರೇನು ಎಂದು ಕೇಳಿದಾಗ ಬೀರಣ್ಣ, "ನನ್ನ ಭಾವಮೈದ," ಅಂದಿದ್ದ. ಮೂರನೇ ನಿಯಮಕ್ಕೆ ಉದಾಹರಣೆ ಕೊಡಲು ಎದ್ದು ಗೋಡೆಯನ್ನು ತಳ್ಳಿದ್ದ. ಬಾತುಕೋಳಿ ಕುರ್ಚಿಯೂ ಅವನ ಸೊಂಟಕ್ಕೆ ಸಿಕ್ಕಿಕೊಂಡು ಜೊತೆಗೇ ಎದ್ದಿತ್ತು. ಲಿಫ್ಟಕ್ಕ ಕುರ್ಚಿಯನ್ನು ಹಿಂದಕ್ಕೆ ಎಳೆದು ಬಿಡಿಸಿದಳು. ಬೀರಣ್ಣ ಮುಂದಕ್ಕೆ ಹೋದ, ಕುರ್ಚಿ ಸಮೇತ ಅವಳು ಹಿಂದಕ್ಕೆ ಹೋದಳು. ಇದಕ್ಕಿಂತ ಒಳ್ಳೆಯ ಉದಾಹರಣೆ ಮೇಷ್ಟ್ರಿಗೆ ಹೊಳೆಯುತ್ತಿರಲಿಲ್ಲ.

ಈಗ ಉಳಿದದ್ದು ಕೆಲಸ.

"ಬಲ ಇಂಟು ಸ್ಥಾನಪಲ್ಲಟ," ಮೇಷ್ಟ್ರು ಕೊನೆಗೂ ಅಂದರು.

"ಒಪ್ಪಿದೆ ಸಾರ್," ಬೀರಣ್ಣ ಅಂದ. "ಸ್ಥಾನಪಲ್ಲಟ ನಮ್ಮ ಕಂಪನಿ ಕಸುಬೇ. ಆ ಬೀದಿಯಿಂದ ಈ ಬೀದಿಗೆ ಸ್ಥಾನಪಲ್ಲಟ ಮಾಡಿಸ್ತೀನಿ. ಎರಡನ್ನೂ ಗುಣಿಸಿ. ಎಷ್ಟು ಬಂತು?"

ಮೇಷ್ಟ್ರು ಕಿಟಕಿ ನೋಡಿದರು. "ಸೊನ್ನೆ."

"ಬೀದಿ ಉದ್ದ ಇದ್ರೆ?"

"ಆಗಲೂ ಸೊನ್ನೆ."

"ಊರು ದಾಟಿದ್ರೆ?"

ಲಿಫ್ಟಕ್ಕ ಉತ್ತರ ಕೊಟ್ಟಳು. "ದೊಡ್ಡ ಸೊನ್ನೆ ಬರುತ್ತೆ ಅಣ್ಣಾ. ಮೇಲಕ್ಕೆ ಎತ್ತಿದ್ರೆ ಮಾತ್ರ ಕೆಲಸ ಅಂತ ಸಾರ್ ಹೋದ ವಾರಾನೇ ಹೇಳಿದ್ರು. ನಂದು ನೋಡು, ದಿನಕ್ಕೆ ನಲವತ್ತು ಸಲ ಹತ್ತನೇ ಮಹಡಿಗೆ ಹೋಗ್ತೀನಿ."

"ನೀನು ಸ್ಟೂಲ್ ಮೇಲೆ ಕೂತು ಸ್ವೆಟರ್ ಹೆಣೀತಿರ್ತೀಯ. ಅದು ಕೆಲಸ. ಇಪ್ಪತ್ತೆರಡು ವರ್ಷ ನಾನು ಹೊತ್ತಿದ್ದು ಸೊನ್ನೆ. ಇದ್ಯಾವ ಸೀಮೆ ಶಾಸ್ತ್ರ ಸಾರ್?"

"ಲಿಫ್ಟಿನಲ್ಲಿ ಕೆಲಸ ಮಾಡೋದು ಮೋಟರು," ಮೇಷ್ಟ್ರು ಮೆಲ್ಲಗೆ ಅಂದರು.

"ಮೋಟರಾ?" ಲಿಫ್ಟಕ್ಕನ ಮುಖ ಕೆಂಪಾಯಿತು. "ಹಾಗಾದ್ರೆ ಗುಂಡಿ ಒತ್ತೋದು ಯಾರು?"

ಒಬ್ಬರನ್ನು ಸಮಾಧಾನ ಮಾಡಲು ಹೋಗಿ ಇಬ್ಬರೂ ಮುನಿಸಿಕೊಂಡರು. ಮೇಷ್ಟ್ರು ಒರೆಸಿದ್ದ ಬೋರ್ಡನ್ನೇ ಮತ್ತೆ ಒರೆಸಿದರು.

ಆ ಹೊತ್ತಿಗೆ ಬೀರಣ್ಣನ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಪಕ್ಕದ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಕೈಯಲ್ಲಿ ಗಂಡನ ಮಂಡಿಗೆ ಹಚ್ಚುವ ಎಣ್ಣೆಯ ಸೀಸೆ.

"ಬರೆದ್ರಾ ಸಾರ್ ಇವರು ಸೊನ್ನೆ?"

"ಇಲ್ಲಮ್ಮ."

"ರೀ, ಒಂದು ಸೊನ್ನೆ ಬರೆಯೋಕೆ ನಿಮ್ಮ ಗಂಟೇನು ಹೋಗುತ್ತೆ? ಬೇಕಾದ್ರೆ ಬಳೆ ಬಿಚ್ಚಿ ಕೊಡ್ತೀನಿ, ಸುತ್ತ ಪೆನ್ಸಿಲ್ ಎಳೀರಿ."

"ಮಾಡಿದ ಕೆಲಸಾನ ಮಾಡಿಲ್ಲ ಅಂತ ನನ್ನ ಕೈಯಾರೆ ಬರೀಬೇಕಾ?"

"ಮನೇಲಿ ನೀವು ಮಾಡೋದೂ ಸೊನ್ನೆನೇ. ಅದನ್ನ ನೆನೆಸ್ಕೊಂಡು ಬರೀರಿ, ಸುಳ್ಳಾಗಲ್ಲ." ಆಮೇಲೆ ದನಿ ತಗ್ಗಿಸಿ ಮೇಷ್ಟ್ರ ಕಡೆ ತಿರುಗಿದಳು. "ಎರಡೇ ಅಂಕ ಸಾರ್. ನಿನ್ನೆ ಡ್ರೆಸ್ಸಿಂಗ್ ಟೇಬಲ್ ಇಳಿಸಿ ಬಂದು ಬಚ್ಚಲಲ್ಲಿ ಕೂತವರು ಏಳೋಕಾಗದೆ ನನ್ನ ಕರೆದ್ರು. ಈ ಸಲ ಹೋದ್ರೆ ಆ ಸ್ಟೂಲ್ ಬೇರೆಯವರ ಪಾಲಾಗುತ್ತೆ."

ಬೀರಣ್ಣ ತಲೆ ಬಗ್ಗಿಸಿದ. ಆದರೂ ಪೆನ್ಸಿಲ್ ಮುಟ್ಟಲಿಲ್ಲ.

ಮೇಷ್ಟ್ರಿಗೆ ಆ ಹಟ ಅರ್ಥವಾಗುತ್ತಿತ್ತು. ಅದನ್ನು ಮುರಿಯುವ ಮನಸ್ಸಿರಲಿಲ್ಲ, ಉಳಿಸಿದರೆ ಮಂಡಿ ಉಳಿಯುತ್ತಿರಲಿಲ್ಲ. ಅವರು ಪುಸ್ತಕ ತೆರೆದು, ಅದರಲ್ಲಿದ್ದ ಮಾತನ್ನೇ ಹಾಗೇ ಬೋರ್ಡಿಗೆ ಇಳಿಸಿದರು. ಪುಸ್ತಕದ್ದಾದರೆ ತಮ್ಮ ಬಾಯಿಂದ ಬಂದ ಹಾಗಾಗುವುದಿಲ್ಲವಲ್ಲ.

"ಪೆಟ್ಟಿಗೆ ಮುಂದಕ್ಕೆ ಚಲಿಸುತ್ತದೆ. ಆದರೆ ಬಲದ ದಿಕ್ಕು ಮೇಲಕ್ಕೆ ಇರುತ್ತದೆ. ಆದ್ದರಿಂದ ಬಲ ಮಾಡಿದ ಕೆಲಸ ಸೊನ್ನೆ."

ಬೀರಣ್ಣ ಬೆರಳಿಟ್ಟು ಓದುವವನಂತೆ ಗಾಳಿಯಲ್ಲೇ ಒಂದೊಂದು ಅಕ್ಷರವನ್ನೂ ಮುಟ್ಟಿದ. ಕೊನೆಯ ಸಾಲನ್ನು ಎರಡು ಸಲ ಓದಿದ.

"ಬಲ ಮಾಡಿದ ಕೆಲಸ," ಅಂದ. "ಬೀರು ಹೊತ್ತವನು ಮಾಡಿದ್ದಲ್ಲ?"

"ಪುಸ್ತಕದಲ್ಲಿ ಬಲ ಅಂತಲೇ ಇದೆ."

"ಎಡದ್ದೇನೂ ಇಲ್ಲ?"

ಪ್ರಶ್ನೆ ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ಎಡದ್ದು ಇಲ್ಲ," ಅಂದರು.

ಬೀರಣ್ಣನ ಮುಖದ ಮೇಲೆ ಬೆಳಕು ಹರಡಿತು. ಅವನು ಹೆಂಡತಿಯ ಕಡೆ ಪೂರ್ತಿ ತಿರುಗಿದ, ಕುರ್ಚಿಯೂ ತಿರುಗಿತು. "ಕೇಳಿದ್ಯಾ? ಬೀರು ಎತ್ತುವಾಗ ಎಡಕ್ಕೆ ಯಾರು ಇರ್ತಾರೆ?"

"ನೀವು."

"ಬಲಕ್ಕೆ?"

ಅವಳು ಎಣ್ಣೆಯ ಸೀಸೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ನನ್ನ ತಮ್ಮ."

"ನಿನ್ನ ತಮ್ಮ. ಇಪ್ಪತ್ತೆರಡು ವರ್ಷದಿಂದ ಬಲಕ್ಕೆ ನಿನ್ನ ತಮ್ಮ. ಸುಮ್ನೆ ಕೈ ತಾಗಿಸಿಕೊಂಡು ಬರ್ತಾನೆ. ಬೀರು ಮುಂದಕ್ಕೆ ಹೋಗ್ತಿದ್ರೆ ಇವನ ಗಮನ ಮೇಲಕ್ಕೆ, ಯಾವ ಬಾಲ್ಕನೀಲಿ ಯಾರು ನಿಂತಿದ್ದಾರೆ ಅಂತ. ಬಲದ ದಿಕ್ಕು ಮೇಲಕ್ಕೆ ಇರುತ್ತದೆ. ನೋಡು, ಬರೆದಿಟ್ಟಿದ್ದಾರೆ. ನಾನು ಹೇಳಿದ್ರೆ ನೀನು, ನಮ್ಮ ಮನೆಯವರ ಮೇಲೆ ಗೂಬೆ ಕೂರಿಸ್ತೀರಿ ಅಂತಿದ್ದೆ. ಈಗ ಸರ್ಕಾರದ ಪುಸ್ತಕಾನೇ ಹೇಳ್ತಿದೆ, ಬಲ ಮಾಡಿದ ಕೆಲಸ ಸೊನ್ನೆ."

"ಅವನಿಗೆ ಹುಟ್ಟಿದಾಗಿಂದ ಕತ್ತು ನೋವು," ಅಂದಳು ಹೆಂಡತಿ. ಮಾತಿನಲ್ಲಿ ಮೊದಲಿನ ಜೋರಿರಲಿಲ್ಲ.

"ಮೊದಲೇ ಹೀಗೆ ಬಿಡಿಸಿ ಹೇಳಿದ್ರೆ ಎರಡು ವರ್ಷ ಉಳೀತಿತ್ತು ಸಾರ್. ಸುಮ್ನೆ ಕೆಲಸ ಸೊನ್ನೆ, ಕೆಲಸ ಸೊನ್ನೆ ಅಂದ್ರೆ ಯಾರದ್ದು ಅಂತ ಗೊತ್ತಾಗೋದು ಹೇಗೆ?"

ಮೇಷ್ಟ್ರು ಬಾಯಿ ತೆರೆದರು. ಎಡಬಲದ ಬಲ ಬೇರೆ, ಈ ಬಲ ಬೇರೆ, ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಬೀರಣ್ಣ ಆಗಲೇ ಪೆನ್ಸಿಲ್ ತೆಗೆದುಕೊಂಡು ನೋಟ್ಸಿನಲ್ಲಿ ಸೊನ್ನೆ ಬರೆಯುತ್ತಿದ್ದ. ತಟ್ಟೆಯಷ್ಟು ದೊಡ್ಡ ಸೊನ್ನೆ. ಬರೆದದ್ದು ಸಾಲದೆ ಒಳಗೆ ಬಣ್ಣವನ್ನೂ ತುಂಬಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ತಮ್ಮನ ಮಾನ ಹೋದರೂ ಸರಿ ಎಂಬಂತೆ ಮೇಷ್ಟ್ರನ್ನೇ ನೋಡುತ್ತಾ, ಬೇಡ ಎಂದು ತಲೆಯಾಡಿಸಿದಳು.

ಮೇಷ್ಟ್ರು ಬಾಯಿ ಮುಚ್ಚಿದರು. ಅವರ ಮೌನ ಎಲ್ಲರಿಗೂ ರೂಢಿಯಾಗಿದ್ದರಿಂದ ಯಾರೂ ಏನೂ ಅಂದುಕೊಳ್ಳಲಿಲ್ಲ.

ಗುರುವಾರ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು, ಪೆಟ್ಟಿಗೆಯ ಬದಲು ಮೂಟೆ ಅಷ್ಟೇ. ಬೀರಣ್ಣ ಬೋರ್ಡಿನ ಮೂರು ಸಾಲನ್ನೂ ಅಕ್ಷರ ತಪ್ಪದೆ ಬರೆದ. ನಾಲ್ಕನೆಯದನ್ನು, "ಮಿಕ್ಕಿದ್ದೆಲ್ಲಾ ನಾನೇ ಮಾಡಿದ್ದು" ಎಂಬುದನ್ನು, ಸೇರಿಸಿ ಆಮೇಲೆ ದೊಡ್ಡಸ್ತಿಕೆ ಬೇಡವೆಂದು ಹೊಡೆದುಹಾಕಿದನಂತೆ. ಫಲಿತಾಂಶ ಬಂದಾಗ ವಿಜ್ಞಾನದಲ್ಲಿ ಮೂವತ್ತೈದಿತ್ತು. ಲಿಫ್ಟಕ್ಕನಿಗೆ ಐವತ್ತೊಂದು. ಮೋಟರಿನ ಪ್ರಶ್ನೆಯನ್ನು ಅವಳು ಬೇಕೆಂದೇ ಬಿಟ್ಟಿದ್ದಳು.

ಸ್ಟೂಲ್ ಸಿಕ್ಕ ಮೊದಲ ವಾರವೇ ಬೀರಣ್ಣ ಮೇಷ್ಟ್ರನ್ನು ಗೋಡೌನಿಗೆ ಕರೆಸಿಕೊಂಡ. ಇಬ್ಬರು ಆಳುಗಳು ಒಂದು ಬೀರುವನ್ನು ಲಾರಿಯಿಂದ ಇಳಿಸುತ್ತಿದ್ದರು. ಅವನ ಭಾವಮೈದ ಎಂದಿನಂತೆ ಬಲಕ್ಕೆ, ಛಾವಣಿ ನೋಡುತ್ತಾ.

"ಲೋ, ನೀನು ಎಡಕ್ಕೆ ಬಾ," ಬೀರಣ್ಣ ಕೂತಲ್ಲಿಂದಲೇ ಕೂಗಿದ.

"ಯಾಕೆ ಭಾವ?"

"ಶಾಸ್ತ್ರ ಕಣೋ. ನಿಂಗೆ ಗೊತ್ತಾಗಲ್ಲ. ಹತ್ತನೇ ಕ್ಲಾಸು ಪಾಸಾಗಿರಬೇಕು." ಆಮೇಲೆ ಮೇಷ್ಟ್ರಿಗೆ ಒಂದು ಕುರ್ಚಿ ಎಳೆದು ಹಾಕಿ, "ನಾನು ಸರಿಯಾಗಿ ಹೇಳಿದ್ನಲ್ಲ ಸಾರ್?" ಎಂದು ಕೇಳಿದ.

ಮೇಷ್ಟ್ರು ಬಹಳ ಹೊತ್ತು ಬೀರುವನ್ನು ನೋಡಿದರು. ಭಾವಮೈದ ಎಡಕ್ಕೆ ಬಂದು, ಮೊದಲ ಸಲ ಭಾರ ತಾಗಿ, ಹಲ್ಲು ಕಚ್ಚಿದ್ದ.

"ಹೂಂ," ಅಂದರು.

ಪುಸ್ತಕದಲ್ಲಿದ್ದ ಆ ಬಲ ಬೀರಣ್ಣನ ಸ್ವಂತ ತೋಳಿನದು ಎಂದು ಮೇಷ್ಟ್ರು ಅವನಿಗೆ ಯಾವತ್ತೂ ಹೇಳಲಿಲ್ಲ.