ಕಚ್ಚಿಟ್ಟ ರೊಟ್ಟಿ

ಅಡುಗೆಮನೆಯ ಬಾಗಿಲ ಮೇಲಿನ ಮೊಳೆಗೆ ಬಟ್ಟೆಯ ಚೀಲವೊಂದು ತೂಗುತ್ತದೆ. ಅದರೊಳಗೆ ನನ್ನ ಗಂಡ ಜೋಲ್ದೋಶ್ ಕಚ್ಚಿಟ್ಟು ಹೋದ ರೊಟ್ಟಿಯಿದೆ. ದೂರ ಹೊರಟವರು ಹೊಸ್ತಿಲಲ್ಲಿ ನಿಂತು ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗಬೇಕು, ಉಳಿದದ್ದನ್ನು ತಿರುಗಿ ಬಂದು ಅವರೇ ತಿನ್ನಬೇಕು. ಅರ್ಧ ಉಳಿದ ರೊಟ್ಟಿಯ ಋಣ ಅವರನ್ನು ಮನೆಗೆ ಎಳೆದು ತರುತ್ತದೆ ಎಂದು ನಮ್ಮ ಉಜ್ಗೆನ್ ಊರಿನ ಹೆಂಗಸರೆಲ್ಲ ನಂಬುತ್ತಾರೆ. ಕುಸಿತದಲ್ಲಿ, ಬೆಂಕಿಯಲ್ಲಿ ಸಿಕ್ಕವರನ್ನು ಉಳಿಸಲು ಓಡುವ ರಕ್ಷಣಾ ದಳದವರ ಹೆಂಡತಿಯಾದ ನಾನು ತುಸು ಹೆಚ್ಚೇ ನಂಬಿದ್ದೆ.

ಏಪ್ರಿಲ್‌ನಲ್ಲಿ ಬೆಟ್ಟದ ಮೇಲಿನ ಹಳ್ಳಿಯೊಂದರ ಮೇಲೆ ಗುಡ್ಡ ಕುಸಿದಾಗ ಕಚ್ಚಿದ ರೊಟ್ಟಿ ಅದು. ವಾರ ಕಳೆದು ಅವರು ಬಂದಾಗ ಚೀಲ ಬಿಚ್ಚಿ, ಗಟ್ಟಿಯಾದ ರೊಟ್ಟಿಯನ್ನು ಬಿಸಿ ಚಹಾದಲ್ಲಿ ಅದ್ದಿಕೊಡಲು ಹೋದೆ.

"ಈಗ ಬೇಡ ಕಣೆ. ನಾನಿನ್ನೂ ಬಂದಿಲ್ಲ," ಅಂದರು.

"ಹಾಗಿದ್ರೆ ನನ್ನೆದುರು ಕೂತಿರೋ ಮೀಸೆ ಯಾರದ್ದು?" ಎಂದು ನಕ್ಕೆ. ಅವರು ನಗಲಿಲ್ಲ. ರೊಟ್ಟಿ ಮತ್ತೆ ಮೊಳೆಗೆ ಹೋಯಿತು.

ಅವರ ಕೆಲಸದಲ್ಲಿ ಒಂದು ಕ್ರಮವಿದೆ. ಮಣ್ಣು ಅಗೆಯುವಾಗ ಒಬ್ಬರು ಕೈಯೆತ್ತುತ್ತಾರೆ. ಯಂತ್ರಗಳು ನಿಲ್ಲುತ್ತವೆ, ಅಳುವವರೂ ಅಳು ನುಂಗುತ್ತಾರೆ, ಎಲ್ಲರೂ ಉಸಿರು ಹಿಡಿದು ಮಣ್ಣಿನಡಿಯ ದನಿಗಾಗಿ ಕಾಯುತ್ತಾರೆ. ಆ ಹಳ್ಳಿಯಲ್ಲಿ ಕೈಯೆತ್ತಿದವರು ಇವರೇ. ಕೇಳಿಸಿದ್ದು ಮಗುವೊಂದರ ಅಳು. ಮತ್ತೆ ಕೈಯೆತ್ತಿದಾಗ ಅದು ಸಣ್ಣಗಾಗಿತ್ತು. ಆಮೇಲೆ ಎಷ್ಟು ಸಲ ಕೈಯೆತ್ತಿದರೂ ಏನೂ ಇರಲಿಲ್ಲ. ಇಷ್ಟನ್ನು ಅವರು ನನಗೆ ಒಂದೇ ಒಂದು ಸಲ, ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದ್ದರು.

ಈಗ ಆ ಕೈ ನಮ್ಮ ಮನೆಯಲ್ಲಿ ಏಳುತ್ತದೆ. ಊಟದ ನಡುವೆ, ಮಾತಿನ ನಡುವೆ. ನಾನು ಒಲೆ ಆರಿಸಿ, ಸೌಟು ಹಿಡಿದವಳು ಹಿಡಿದ ಹಾಗೇ ನಿಲ್ಲುತ್ತೇನೆ. ನಾಲ್ಕು ವರ್ಷದ ಮಗಳು ಬೇಗಿಮ್ ಚಮಚ ಬಾಯಲ್ಲೇ ಇಟ್ಟುಕೊಂಡು ಕಾಯುತ್ತಾಳೆ. ಕೈ ಇಳಿಯುವವರೆಗೆ ನಾವು ಮೂವರೂ ಯಾರಿಗೋ ಕಿವಿಗೊಡುತ್ತೇವೆ. ವೈದ್ಯರು ಗುಳಿಗೆ ಕೊಟ್ಟರು, ನನಗೆ ತಾಳ್ಮೆ ಇರಲಿ ಎಂದರು. ತಾಳ್ಮೆ ಎಂದರೆ ಸುಮ್ಮನಿರುವುದು ಎಂದು ತಿಳಿದೆ. ಸುಮ್ಮನಿರುವುದು ಬಹಳ ಬೇಗ ರೂಢಿಯಾಗುತ್ತದೆ.

ದಳದವರ ಹೆಂಡತಿಯರು ನಾವು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಹೋದ ಸಲ ತುರ್ಸುನ್ ಅಕ್ಕನ ಅಂಗಳ. ನಮ್ಮೆಲ್ಲರಿಗಿಂತ ಹಿರಿಯಳು ಅವಳು.

"ನಮ್ಮನೆಯವರು ಮಲಗುವಾಗ್ಲೂ ಬೂಟು ಬಿಚ್ಚಲ್ಲ ಕಣ್ರೇ," ಎಂದಳು ಒಬ್ಬಳು. "ಕನಸಲ್ಲಿ ಬೆಂಕಿ ಬಿದ್ರೆ ಬರಿಗಾಲಲ್ಲಿ ಓಡ್ಲಾ ಅಂತಾರೆ."

"ನೀನೂ ನೀರಿನ ಕೊಡ ಹಿಡ್ಕೊಂಡು ಪಕ್ಕದಲ್ಲೇ ಮಲಕ್ಕೋ," ಎಂದಳು ಇನ್ನೊಬ್ಬಳು. "ಇಬ್ಬರಿಗೂ ಸಂಬಳ ಬರಬಹುದು!"

ಎಲ್ಲರೂ ನಗುತ್ತಿರುವಾಗಲೇ ಬೇಗಿಮ್ ಮೆಟ್ಟಿಲಿಂದ ಜಾರಿ ಬಿದ್ದಳು. ಗಲ್ಲ ಒಡೆದು ರಕ್ತ ಸುರಿಯಿತು. ಓಡಿ ಎತ್ತಿಕೊಂಡೆ. ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರಿತ್ತು, ಸದ್ದಿರಲಿಲ್ಲ. ರಕ್ತ ಹತ್ತಿದ ಪುಟ್ಟ ಕೈಯನ್ನು ಮೇಲೆತ್ತಿ, ಎಲ್ಲರೂ ಸುಮ್ಮನಾಗಲೆಂದು ಕಾದಳು.

ಹೆಂಗಸರ ನಗು ನಿಂತಿತು.

ಗಾಯಕ್ಕೆ ಪಟ್ಟಿ ಕಟ್ಟಿದ ಮೇಲೆ ತುರ್ಸುನ್ ಅಕ್ಕ ನನ್ನನ್ನು ತಂದೂರಿನ ಹಿಂದಕ್ಕೆ ಕರೆದೊಯ್ದಳು.

"ಯಾವಾಗಿಂದ, ಜಿಪಾರ್?"

"ಏನು ಅಕ್ಕ?"

"ನನ್ನ ಹತ್ರ ನಾಟಕ ಬೇಡ. ನಮ್ಮನೆಯವರದ್ದೂ ಕಂಡಿದೀನಿ. ನಾನೂ ಊರಿಗೆಲ್ಲ 'ಸ್ವಲ್ಪ ಸುಸ್ತು ಅಷ್ಟೆ' ಅಂದ್ಕೊಂಡೇ ಓಡಾಡಿದೆ. ನನ್ನ ಮಗ ಈಗ ನನಗಿಂತ ಎತ್ತರ ಬೆಳೆದಿದಾನೆ. ಯಾರಾದ್ರೂ ಬಾಗಿಲು ಜೋರಾಗಿ ಹಾಕಿದ್ರೆ ಇವತ್ತಿಗೂ ಮೂಲೆ ಸೇರ್ತಾನೆ."

"ಅವರನ್ನ ಬಿಟ್ಟು ಹೋಗು ಅಂತೀಯಾ?"

"ನಿನ್ನನ್ನ ಹೋಗು ಅಂದ್ನಾ? ಮಗೂನ ನಿಮ್ಮಮ್ಮನ ಮನೇಲಿ ಬಿಡು. ಮೊದಲು ಅಳೋದು ಕಲೀಲಿ. ನೀನು ಅವರ ಜತೆ ಇರು, ನಿನ್ನ ಜತೆ ನಾನಿರ್ತೀನಿ. ದಿನಾ ಬರ್ತೀನಿ. ಚಹಾ ನಿಂದು, ಹರಟೆ ನಂದು."

ಮನೆಗೆ ಬಂದು, ಮಗಳು ಸದ್ದಿಲ್ಲದೆ ಅತ್ತದ್ದನ್ನೂ ಅಕ್ಕನ ಮಾತನ್ನೂ ಅವರಿಗೆ ಹೇಳಿದೆ. ಮಗಳ ಗಲ್ಲದ ಪಟ್ಟಿಯನ್ನು ಅವರು ಬಹಳ ಹೊತ್ತು ನೋಡಿದರು.

"ನನ್ನಿಂದಾನಾ?"

ಅಲ್ಲ ಎನ್ನಬಹುದಿತ್ತು. "ಹೌದು ರೀ," ಅಂದೆ. ಅಷ್ಟು ಕ್ರೂರವಾದ ಮಾತನ್ನು ನಾನು ಅವರಿಗೆ ಎಂದೂ ಆಡಿರಲಿಲ್ಲ. ಆಡುವಾಗ ಅವರ ಕೈ ನನ್ನ ಕೈಯಲ್ಲೇ ಇತ್ತು.

ಭಾನುವಾರ ನನ್ನ ತಮ್ಮ ಅಮ್ಮನ ಊರು ಜಲಾಲಾಬಾದಿನಿಂದ ಕಾರು ತಂದ. ಏನೇ ಆದರೂ ನಡುವೆ ನಿಲ್ಲಿಸಬೇಡ ಎಂದು ಅವನಿಗೆ ಹೇಳಿದ್ದೆ. ಹೊರಡುವ ಹೊತ್ತಿಗೆ ಅವರು ಒಳಗಿಂದ ಹೊಸ ರೊಟ್ಟಿಯೊಂದನ್ನು ತಂದು ಮಗಳ ಮುಂದೆ ಮಂಡಿಯೂರಿದರು.

"ಕಚ್ಚು, ನನ್ನ ಕುರಿಮರಿ."

ಬೇಗಿಮ್ ಕಚ್ಚಿದಳು. ಅಗಿಯುತ್ತಲೇ ಅವರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: "ನಿನ್ನ ರೊಟ್ಟಿ ಯಾವಾಗ ತಿಂತೀಯಪ್ಪ?"

ಅವರು ಅವಳ ಕೂದಲು ಸವರಿದರು.

ಕಾರು ಹೊರಟಿತು. ನಾನು ಹತ್ತಲಿಲ್ಲ ಎಂಬುದು ಅವಳಿಗೆ ಆಗಲೇ ತಿಳಿದಿರಬೇಕು. ಮೊದಲು ಸಣ್ಣ ನರಳಿಕೆ ಕೇಳಿತು. ಆಮೇಲೆ ಬೀದಿಗೆ ಬೀದಿಯೇ ತಿರುಗಿ ನೋಡುವಂಥ ಅಳು. ಎಷ್ಟೋ ತಿಂಗಳಿಂದ ನಾನು ಕೇಳದ ದನಿ.

ಅವರ ಕೈ ಮೇಲೆದ್ದಿತು.

ನಾನು ಉಸಿರು ಹಿಡಿದೆ. ಕಸ ಗುಡಿಸುತ್ತಿದ್ದ ಎದುರುಮನೆಯ ಮುದುಕಿಯೂ ಪೊರಕೆ ನಿಲ್ಲಿಸಿದಳು. ಅಳು ಹಿಪ್ಪುನೇರಳೆ ಮರಗಳನ್ನು ದಾಟಿ, ತಿರುವು ದಾಟಿ, ಎಳೆಯಷ್ಟಾಯಿತು.

"ಕೇಳಿಸ್ತಾ?" ಅಂದರು ಅವರು. "ಬದುಕಿದೆ."

ಯಾವ ಮಗು ಎಂದು ನಾನು ಕೇಳಲಿಲ್ಲ.

ಅಳು ಪೂರ್ತಿ ನಿಂತ ಮೇಲೂ ಆ ಕೈ ಇಳಿಯಲಿಲ್ಲ. ಮಗಳು ಕಚ್ಚಿದ ರೊಟ್ಟಿ ಅವರ ಇನ್ನೊಂದು ಕೈಯಲ್ಲಿತ್ತು. ಅದನ್ನು ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋಗಿ, ಹಳೆಯದರ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದೆ.